ಇಲ್ಲದ ವಸ್ತುವಿನ ಬದು

ಹೆಣ್ಣಿನ ಕಡೆಯವರು ಗಂಡಿನ ಮನೆಯಲ್ಲಿ ಉಂಡರೆ ಸಂಬಂಧ ಕುದುರಿತು, ಬರೀ ನೀರು ಕುಡಿದು ಎದ್ದರೆ ಮುರಿಯಿತು. ಮಿಡಿಗೇಶಿಯ ಆ ಕುರಿಗಾರರ ಮನೆತನದಲ್ಲಿ ೧೯೭೮ರಲ್ಲೂ ಇದೇ ಕಾನೂನು. ಹಾಗಾಗಿ ಬೆಳಗಿನಿಂದ ಹೋಳಿಗೆಯ ಘಮ ಬಂದಾಗಲೆಲ್ಲ ನರಸಪ್ಪ ಬಾಗಿಲಿಗೆ ಹೋಗಿ ಹೆಣ್ಣಿನವರ ದಾರಿ ನೋಡಿ ಬರುತ್ತಿದ್ದ.

ನಾಗಲಮಡಿಕೆಯ ನಾಗಕ್ಕನ ಜೊತೆ ಅವನು ಮಾತಾಡಿದ್ದು ಒಂದೇ ಸಲ, ಪಾವಗಡದ ಬಸ್ಸಿನಲ್ಲಿ. ಅವನ ಕೈಲಿದ್ದ ಭೌತಶಾಸ್ತ್ರದ ದಪ್ಪ ಪುಸ್ತಕ ನೋಡಿ, ಇದರಲ್ಲಿ ಕಥೆ ಇದೆಯಾ ಎಂದು ಕೇಳಿದ್ದಳು. ಅಷ್ಟಕ್ಕೇ ನಮ್ಮ ಸಂಶೋಧಕ ಮಹಾಶಯ ಮನಸೋತಿದ್ದ. ಮದುವೆಯಾದರೆ ಅವಳನ್ನೇ ಎಂದು ಪಟ್ಟು ಹಿಡಿದು ಕೂತಿದ್ದ.

ಅವನು ಮೈಸೂರಿನಲ್ಲಿ ಬೆಳಕು, ವಿದ್ಯುತ್ತಿನ ಅಲೆಗಳ ಲೆಕ್ಕ ಓದುತ್ತಾ ಕೂತಿದ್ದಾನೆಂದು ಗೊತ್ತಾದರೆ ಯಾರೂ ಹೆಣ್ಣು ಕೊಡುವುದಿಲ್ಲ ಎಂಬುದು ತಾಯಿ ಗಿರಿಯಮ್ಮನ ಭಯ.

"ಕರೆಂಟಾಫೀಸಲ್ಲಿ ಕೆಲ್ಸ ಅಂದ್ಬುಡು ಕಣ್ಲಾ. ಎಂಗೂ ಕರೆಂಟ್ ವಿಷ್ಯಾನೇ ತಾನೆ" ಎಂದು ಹೇಳಿಕೊಟ್ಟಿದ್ದಳು.

ನಾಗಕ್ಕನ ತಾತ ಮೂಡಲಗಿರಿಯಪ್ಪ ಬಂದು ಕಂಬಳಿಯ ಮೇಲೆ ಕೂತರು. ಕುಶಲ ಕೇಳುವ ಮೊದಲೇ, "ಏನಪ್ಪಾ ನಿನ್ನ ಕೆಲ್ಸ?" ಎಂದರು. ತಾಯಿ ಬಾಗಿಲ ಮರೆಯಿಂದ ಕಣ್ಣು ಬಿಡುತ್ತಿದ್ದರೂ ನರಸಪ್ಪನ ನಾಲಿಗೆಗೆ ಸುಳ್ಳು ಹತ್ತಲಿಲ್ಲ.

"ತಾತ, ದಾರಿಯಿಂದ ಉತ್ತ ಹೊಲಕ್ಕೆ ಓರೆಯಾಗಿ ಕುರಿ ಇಳಿಸಿದ್ರೆ, ಮೊದ್ಲು ಇಳಿದವು ನಿಧಾನ ಆಗಿ ಮಂದೆ ಒಂಚೂರು ತಿರುಗ್ತದಲ್ಲ? ಬೆಳಕು ನೀರಿಗಿಳಿದ್ರೂ ಅಂಗೇ. ನಾನು ಓದೋ ವಸ್ತುವಿಗೆ ಇಳಿದ್ರೆ ಅದು ತಿರುಗಬಾರದ ಕಡೆಗೆ ತಿರುಗ್ತದೆ."

"ತಿರುಗಿದ್ರೆ?"

"ಮಾಮೂಲಿ ವಸ್ತುವಿಗೂ ಇದಕ್ಕೂ ನಡುವೆ ಒಂದು ಬದು ಇರ್ತದೆ. ಬೆಳಕಿನ ಕೆಲವು ಅಲೆ ಆಚೆಗೂ ಹೋಗಲ್ಲ, ಈಚೆಗೂ ಬರಲ್ಲ. ಬದು ಹಿಡ್ಕಂಡೇ ಓಡ್ತವೆ. ತಾಳ ಸರಿಯಾಗಿ ಕೂಡಿದ್ರೆ ಅಲ್ಲೇ ಭಾರಿ ಜೋರಾಗ್ತವೆ. ಆ ಲೆಕ್ಕ ನಂದು."

ಮುದುಕರಿಗೆ ಖುಷಿಯಾಯಿತು. "ಆ ವಸ್ತು ಒಂದ್ ತುಂಡು ತತ್ತಾ, ನೋಡಾನ."

"ಇಲ್ಲ ತಾತ."

"ಮೈಸೂರಲ್ಲಿ ಬುಟ್ಟು ಬಂದಿದೀಯ?"

"ಅಲ್ಲೂ ಇಲ್ಲ. ಎಲ್ಲೂ ಇಲ್ಲ. ಇದ್ರೆ ಇಂಗಿರ್ತದೆ ಅಂತ ಲೆಕ್ಕ ಹಾಕ್ತೀವಿ, ಅಷ್ಟೇ. ನನ್ನ ಕಾಲಕ್ಕೆ ಸಿಗ್ತದೋ ಇಲ್ವೋ."

ಒಳಗೆ ಗಿರಿಯಮ್ಮ ಹಣೆ ಚಚ್ಚಿಕೊಂಡ ಸದ್ದು ಕೇಳಿತು. ಮೂಡಲಗಿರಿಯಪ್ಪ ನೀರಿನ ಚೊಂಬು ಎತ್ತಿ ಗಟಗಟ ಕುಡಿದು, ಹೆಗಲ ಮೇಲೆ ಟವಲ್ಲು ಹಾಕಿಕೊಂಡು ಎದ್ದರು. ಎಲ್ಲ ಮುಗಿಯಿತೆಂದು ನರಸಪ್ಪನಿಗೆ ಅಳುವೇ ಬಂತು.

ಮುದುಕರು ಅಂಗಳದ ಕಡೆ ಹೋಗಲಿಲ್ಲ, ಅಡುಗೆಮನೆಯ ಕಡೆ ತಿರುಗಿದರು.

"ಹೋದ್ ತಿಂಗ್ಳು ನೋಡಿದ ಗಂಡು, ಇಲ್ದಿರೋ ಹೊಲಾನ ಐತೆ ಅಂದಿದ್ದ ಕಣಮ್ಮ. ಇವ್ನು ಇಲ್ದಿದ್ದನ್ನ ಇಲ್ಲ ಅಂತಾನೆ. ಕೈ ತೊಳಿಯಾಕೆ ಎಲ್ಲಿ ಹೋಗ್ಬೇಕು?"