ಅಣ್ಣ ಕೈ ಹಚ್ಚಿದ ಪಂದ್ಯ

ಸುರೇಶನಿಗೆ ದಮ್ಮು ಹತ್ತಿದ್ದು ಚಿಕ್ಕಂದಿನಲ್ಲೇ. ಅವರ ಮನೆ ಬ್ಯಾಡಗಿಯ ಪೇಟೆಗೆ ಅಂಟಿಕೊಂಡ ಓಣಿಯಲ್ಲಿತ್ತು. ಮೆಣಸಿನಕಾಯಿಯ ಆವಕ ಏರಿತೆಂದರೆ ಓಣಿಗೆ ಓಣಿಯೇ ಸೀನುತ್ತಿತ್ತು. ಬೇರೆಯವರು ಸೀನಿ, ಮೂಗು ಒರೆಸಿಕೊಂಡು ಕೆಲಸಕ್ಕೆ ಹೋಗುತ್ತಿದ್ದರು. ಸುರೇಶ ಮಾತ್ರ ಗೋಡೆಗೆ ಆತುಕೊಂಡು ಕೂತು, ಭುಜ ಏರಿಸಿ ಇಳಿಸಿ, ಒಂದೊಂದು ಉಸಿರನ್ನೂ ಹಗ್ಗ ಜಗ್ಗಿದ ಹಾಗೆ ಜಗ್ಗುತ್ತಿದ್ದ.

ತಂದೆ ಬೇಗ ಹೋದರು. ಅಣ್ಣ ರಾಘಣ್ಣ ಕಾಲೇಜು ಬಿಟ್ಟು ಅವರ ಮೆಣಸಿನಕಾಯಿ ದಲಾಲಿ ಅಂಗಡಿಗೆ ಕೂತ. ಅಂಗಡಿಯ ಜೊತೆ ತಮ್ಮನನ್ನೂ ವಹಿಸಿಕೊಂಡ. ಘಾಟು ಜಾಸ್ತಿಯಾದ ದಿನ ಅವನನ್ನು ಹೆಗಲ ಮೇಲೆ ಹೊತ್ತು ದವಾಖಾನೆಗೆ ಓಡಿದವನು, ಶಾಲೆಯ ಚೀಲ ಹೊತ್ತವನು, ಆಟದ ಪಿರಿಯಡ್ ಬೇಡವೆಂದು ಮಾಸ್ತರರಿಗೆ ಹೇಳಿ ಬಂದವನು ಅವನೇ. ಸುರೇಶನಿಗೆ ಹಾವೇರಿಯ ವಿಮಾ ಕಚೇರಿಯಲ್ಲಿ ಗುಮಾಸ್ತನ ಕೆಲಸ ಸಿಕ್ಕಾಗ, ಇರಲು ಕೋಣೆ ನೋಡಿದವನೂ ಅವನೇ. ಕಿಟಕಿಯ ಕಡೆ ಗಿರಣಿ ಇಲ್ಲವೆಂದು ಖಾತ್ರಿ ಮಾಡಿಕೊಂಡೇ ಬಾಡಿಗೆ ಮಾತಾಡಿದ್ದ.

ಹಾವೇರಿಯ ಡಾಕ್ಟರ್ ಚನ್ನಬಸಪ್ಪ ಸುರೇಶನಿಗೆ ಒಂದು ವಿಚಿತ್ರ ಔಷಧ ಹೇಳಿದರು. "ಈಜು ಕಲೀರಿ. ಎದಿ ಗಟ್ಟಿ ಆಗತದ." ಇಪ್ಪತ್ತೇಳರ ವಯಸ್ಸಿಗೆ ಈಜು ಕಲಿಯಲು ಅವನಿಗೆ ನಾಚಿಕೆ. ಮೋಟೆಬೆನ್ನೂರಿನ ಗುಡ್ಡಪ್ಪ ಅಣ್ಣನ ಅಂಗಡಿಗೆ ಮೆಣಸಿನಕಾಯಿ ತರುವ ರೈತ. ಅವನ ಹೊಲದ ಬಾವಿ ದೊಡ್ಡದು, ಮೆಟ್ಟಿಲಿದ್ದದ್ದು, ನೋಡುವವರು ಯಾರೂ ಇಲ್ಲದ್ದು. ಸುರೇಶ ರವಿವಾರಗಳಂದು ಅಲ್ಲಿಗೆ ಹೋಗತೊಡಗಿದ. ಮೊದಲು ಸೊಂಟಕ್ಕೆ ಹಗ್ಗ, ಆಮೇಲೆ ಒಣ ಕುಂಬಳದ ಬುರುಡೆ, ಆಮೇಲೆ ಬರಿಗೈ. ಎರಡು ವರ್ಷ ಕಳೆಯುವಷ್ಟರಲ್ಲಿ ಅವನು ಬಾವಿಯ ಈ ಗೋಡೆಯಿಂದ ಆ ಗೋಡೆಗೆ ದಣಿವಿಲ್ಲದೆ ಓಡಾಡುವಂತಾದ. ರಾತ್ರಿ ದಿಂಬಿಗೆ ಒರಗಿ ಕೂತೇ ನಿದ್ದೆ ಮಾಡುವುದು ತಪ್ಪಿತು. ಹಾವೇರಿಯಿಂದ ಮೋಟೆಬೆನ್ನೂರಿಗೆ ಸೈಕಲ್ ಮೇಲೆಯೇ ಹೋಗಿಬರುವುದು ರೂಢಿಯಾಯಿತು.

ತೊಂಬತ್ಮೂರರ ಸಂಕ್ರಮಣದ ಹೊತ್ತಿಗೆ, ಕುಮಾರಪಟ್ಟಣದ ಒಂದು ಕ್ರೀಡಾಮಂಡಳಿ ಟ್ರಯಥ್ಲಾನ್ ಎಂಬ ಪಂದ್ಯ ಇಟ್ಟಿದೆ ಎಂಬ ಸುದ್ದಿ ಕಚೇರಿಗೆ ಬಂತು. ಹೊಳೆಯಲ್ಲಿ ಈಜಿ, ಎದ್ದು ಸೈಕಲ್ ಹೊಡೆದು, ಇಳಿದು ಓಡುವುದು. ದೊಡ್ಡ ದೂರದ್ದಲ್ಲ, ಸಣ್ಣದು. ಆಸೆ ಇದ್ದವರು ಯಾರಾದರೂ ಬರಬಹುದು. ಸುರೇಶ ಹೆಸರು ಕೊಟ್ಟು, ಆ ಶನಿವಾರ ಊರಿಗೆ ಹೋದಾಗ ಊಟದ ಹೊತ್ತಿಗೆ ಹೇಳಿದ.

"ಮೂರೂ ಒಂದ ದಿನ ಯಾಕ ಮಾಡಬೇಕು?" ಎಂದಳು ತಾಯಿ ಕಾಶೀಬಾಯಿ. "ಒಂದು ಇವತ್ತ ಮಾಡು, ಒಂದು ನಾಳೆ ಮಾಡು."

ರಾಘಣ್ಣ ನಗಲಿಲ್ಲ. "ಡಾಕ್ಟರು ಈಜು ಅಂದಾರ. ಹೊಳ್ಯಾಗ ಬೀಳು ಅಂದಿಲ್ಲ."

"ಅಣ್ಣಾ, ಈಗ ನನಗ ಏನೂ ಆಗಂಗಿಲ್ಲ."

"ಆಗಂಗಿಲ್ಲ ಅಂತ ನೀ ಹೇಳ್ತಿ. ನಿನ್ನ ಎದಿ ಸುಂಯ್ ಅನ್ನೋದು ನಿನಗಿಂತ ಮೊದಲ ನನಗ ಕೇಳಸ್ತದ." ಅವನು ಮಜ್ಜಿಗೆ ಕುಡಿದು ಬಟ್ಟಲು ಕೆಳಗಿಟ್ಟ. "ಬ್ಯಾಡ ಅಂದ್ರೂ ನೀ ಬಿಡಂಗಿಲ್ಲ. ಆತು, ಹೋಗು. ನಾ ಸ್ಕೂಟರ್ ತಗೊಂಡು ನಿನ್ನ ಹಿಂದ ಇರ್ತೀನಿ."

"ಹಿಂದ ಬರಬಾರದಂತ. ಹಂಗ ನಿಯಮ ಅದ."

"ರಸ್ತಾ ಸರಕಾರದ್ದೋ ಅವರದ್ದೋ? ನನ್ನ ಪಾಡಿಗೆ ನಾ ಗಾಡಿ ಹೊಡೀತೀನಿ. ಯಾರೇನು ಕೇಳ್ತಾರ?"

ಸುರೇಶ ಮತ್ತೆ ವಾದ ಮಾಡಲಿಲ್ಲ. ಮೇಲೆ ಬೇಜಾರಾದಂತೆ ಕಂಡರೂ ಒಳಗೆ ಅವನಿಗೆ ನಿರಾಳವಾಗಿತ್ತು. ಆ ನಿರಾಳವನ್ನು ಅವನು ಆಗ ಗಮನಿಸಲಿಲ್ಲ.

ಪಂದ್ಯದ ಬೆಳಿಗ್ಗೆ ಹೊಳೆಯ ಮೇಲೆ ಮಂಜು ತೆಳ್ಳಗೆ ಹಾಸಿತ್ತು. ಹರಿಹರ, ರಾಣೇಬೆನ್ನೂರು, ದಾವಣಗೆರೆ ಕಡೆಯಿಂದ ಐವತ್ತರಷ್ಟು ಜನ ಬಂದಿದ್ದರು. ಹೆಚ್ಚಿನವರು ಕಾಲೇಜು ಹುಡುಗರು, ನಾಲ್ಕಾರು ಮಂದಿ ಪೊಲೀಸರು. ಮುಖ್ಯ ತೀರ್ಪುಗಾರ ಹಾಲಸಿದ್ದಪ್ಪ, ಯಾವುದೋ ಕಾಲೇಜಿನಲ್ಲಿ ಆಟ ಕಲಿಸುವವರು. ಮಣ್ಣಿನ ದಿಬ್ಬದ ಮೇಲೆ ನಿಂತು ಒಂದೇ ಮಾತನ್ನು ಎರಡೆರಡು ಸಲ ಹೇಳಿದರು. "ಹೊರಗಿನವರು ಕೈ ಹಚ್ಚಿದ್ರ ಆಟದಿಂದ ಹೊರಗ. ಸೈಕಲ್ ಕೆಟ್ರ ನೀವ ರಿಪೇರಿ ಮಾಡ್ಕೊಬೇಕು. ತೆಪ್ಪ ಹಿಡದ್ರೂ ಹೊರಗ."

ಸೀಟಿ ಊದಿದ ಕೂಡಲೇ ಎಲ್ಲರೂ ಧಡಧಡನೆ ನೀರಿಗೆ ಬಿದ್ದರು. ಸುರೇಶನೂ ಅವರ ರಭಸಕ್ಕೆ ಸಿಕ್ಕಿ, ಬಾವಿಯಲ್ಲಿ ಎಂದೂ ಹೊಡೆಯದಷ್ಟು ಜೋರಾಗಿ ಕೈ ಬೀಸಿದ. ಯಾರದೋ ಕಾಲು ಅವನ ಕೆನ್ನೆಗೆ ಬಡಿಯಿತು. ತಲೆ ಎತ್ತಿ ನೋಡಿದರೆ ಆಚೆ ಕಡೆ ನೆಟ್ಟ ಕೆಂಪು ಬಾವುಟ ಎಲ್ಲೋ ಇತ್ತು. ಕೆಳಗೆ ನೆಲವಿಲ್ಲ. ಪಕ್ಕದಲ್ಲಿ ಗೋಡೆಯಿಲ್ಲ. ಎರಡು ವರ್ಷ ತಾನು ಈಜಿದ್ದಲ್ಲ, ಒಂದು ಗೋಡೆಯಿಂದ ಇನ್ನೊಂದು ಗೋಡೆಯನ್ನು ಹಿಡಿಯಲು ಹೋಗುತ್ತಿದ್ದೆ ಅಷ್ಟೆ ಎಂಬುದು ಅವನಿಗೆ ಅಲ್ಲಿ, ನಡುನೀರಿನಲ್ಲಿ ತಿಳಿಯಿತು. ಉಸಿರು ಅರ್ಧಕ್ಕೇ ತುಂಡಾಗತೊಡಗಿತು. ಇದು ದಮ್ಮೋ ಹೆದರಿಕೆಯೋ ಗೊತ್ತಾಗಲಿಲ್ಲ.

ಕಾವಲಿಗೆ ಇಟ್ಟ ತೆಪ್ಪವೊಂದು ಹತ್ತಿರ ಬಂತು. ಅದರಲ್ಲಿದ್ದ ಮುದುಕ ಹುಟ್ಟು ಚಾಚಿ, "ಹಿಡೀತೀರೇನ್ರಿ?" ಎಂದ.

ಸುರೇಶನ ಕೈ ಅರ್ಧ ಎದ್ದಿತ್ತು. "ಬ್ಯಾಡ್ರಿ" ಎಂಬ ಮಾತು ಹೇಗೆ ಬಂತೋ. ಅವನು ಅಂಗಾತ ತಿರುಗಿದ. ಉಸಿರು ಸಿಗದಿದ್ದಾಗ ನೀರಿನ ಮೇಲೆ ಮಲಗಬೇಕೆಂದು ಗುಡ್ಡಪ್ಪ ಕಲಿಸಿದ್ದನ್ನು ಬಾವಿಯಲ್ಲಿ ಅವನು ತಮಾಷೆಗೆ ಮಾತ್ರ ಮಾಡಿದ್ದ. ಈಗ ಕಿವಿಗೆ ನೀರು ತುಂಬಿ ದಂಡೆಯ ಗದ್ದಲ ನಿಂತಿತು. ಮೇಲೆ ಬಿಳಿ ಆಕಾಶ. ಉಸಿರು ಬಂತು, ಹೋಯಿತು, ಮತ್ತೆ ಬಂತು. ಎದೆ ಸುಂಯ್ ಅನ್ನುತ್ತಿರಲಿಲ್ಲ. ಹಾಗಾದರೆ ಇದು ಬರಿ ಹೆದರಿಕೆ ಎಂದುಕೊಂಡ. ಹೆದರಿಕೆಯೆಂದು ಗೊತ್ತಾದ ಮೇಲೆ ಅದು ಅರ್ಧ ಇಳಿಯಿತು. ತೆಪ್ಪದವನು ಸುಮ್ಮನೆ ಸ್ವಲ್ಪ ದೂರ ಸರಿದು ನಿಂತ. ಸುರೇಶ ಮಗ್ಗುಲಾಗಿ, ಅವಸರ ಮಾಡದೆ ಕೈ ಬೀಸುತ್ತ ಬಾವುಟ ಸುತ್ತಿ ಬಂದ. ದಂಡೆ ಹತ್ತಿದಾಗ ಅವನ ಹಿಂದೆ ಉಳಿದಿದ್ದವರು ಬೆರಳೆಣಿಕೆಯಷ್ಟು ಜನ.

ರಾಘಣ್ಣ ದಂಡೆಯ ಮೇಲೆ ಟವೆಲ್ ಹಿಡಿದು ನಿಂತಿದ್ದ. ಸ್ವಯಂಸೇವಕರು ಅವನನ್ನು ಹಗ್ಗದ ಆಚೆಗೆ ತಳ್ಳಿದ್ದರು. "ಸಾಕಲ್ಲ? ಇನ್ನ ಸಾಕು!" ಎಂದು ಕೂಗಿದ. ಸುರೇಶ ಒದ್ದೆ ಮೈಗೇ ಅಂಗಿ ತೊಟ್ಟು, ನಂಬರಿನ ಬಟ್ಟೆ ಬಿಗಿದು, ಸೈಕಲ್ ಏರಿದ.

ಲಾರಿಗಳ ಕಾಟವೆಂದು ಸೈಕಲ್ ದಾರಿಯನ್ನು ಹೆದ್ದಾರಿಯ ಬದಲು ಒಳರಸ್ತೆಗೆ ಹಾಕಿದ್ದರು. ಎರಡೂ ಕಡೆ ಕಬ್ಬು, ಆಮೇಲೆ ಹತ್ತಿ, ಆಮೇಲೆ ಬರಿ ಕರಿ ಹೊಲ. ಇದು ಅವನಿಗೆ ಗೊತ್ತಿದ್ದ ಕೆಲಸ. ಒಬ್ಬೊಬ್ಬರನ್ನೇ ಹಿಂದೆ ಹಾಕಿದ. ಹರಿಹರದ ಪೊಲೀಸನೊಬ್ಬನನ್ನು ದಾಟಿದಾಗ ಅವನಿಗೆ ನಗು ಬಂತು. ಆಟದ ಪಿರಿಯಡ್ಡಿನಲ್ಲಿ ಬೇವಿನ ಮರದ ಕೆಳಗೆ ಕೂತು ಬೇರೆ ಹುಡುಗರ ಚಪ್ಪಲಿ ಕಾದವನು ತಾನೇನಾ ಎನಿಸಿತು. ಹಿಂದೆ ಎಲ್ಲೋ ಸ್ಕೂಟರಿನ ಪಟಪಟ ಕೇಳುತ್ತಲೇ ಇತ್ತು.

ಒಂದು ಹಳ್ಳದ ಏರು ಹತ್ತುವಾಗ ಪೆಡಲು ಸಡಿಲಾಗಿ ಸುಮ್ಮನೆ ತಿರುಗಿತು. ಚೈನ್ ಬಿದ್ದಿತ್ತು.

ಸುರೇಶನಿಗೆ ಚೈನ್ ಹಾಕಲು ಬರುತ್ತಿತ್ತು. ಮೋಟೆಬೆನ್ನೂರಿನ ದಾರಿಯಲ್ಲಿ ಎಷ್ಟು ಸಲ ಹಾಕಿದ್ದ. ಆದರೆ ಇಳಿದವನು ಚೈನಿನ ಕಡೆ ಬಗ್ಗಲಿಲ್ಲ. ಹಿಂದೆ ತಿರುಗಿ ನೋಡಿದ.

ಅಷ್ಟೇ ಸಾಕಾಯಿತು. ರಾಘಣ್ಣ ಬಂದ, ಸ್ಕೂಟರಿಗೆ ಸ್ಟ್ಯಾಂಡ್ ಹಾಕುವಷ್ಟೂ ತಾಳಲಾರದೆ ಅದನ್ನು ಬದುವಿಗೆ ಒರಗಿಸಿದ, ಬಿಳಿ ಧೋತರದಲ್ಲೇ ಮೊಣಕಾಲೂರಿ ಚೈನ್ ಎಳೆದು ಹಲ್ಲಿಗೆ ಕೂಡಿಸಿದ. "ಹತ್ತು, ಹತ್ತು, ಲಗೂ!" ಎನ್ನುತ್ತ ಸೀಟಿನ ಹಿಂದೆ ಕೈಯಿಟ್ಟು ಏರಿನ ತುದಿಯವರೆಗೆ ನೂಕಿದ. ಏರಿನ ತುದಿಯಲ್ಲಿ ಹಾಲಸಿದ್ದಪ್ಪನವರು ಮೋಟರ್ ಸೈಕಲ್ ನಿಲ್ಲಿಸಿಕೊಂಡು ನಿಂತಿದ್ದರು.

"ನಿಂದ್ರಿ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ನಂಬರ್ ಬಿಚ್ಚಿ ಕೊಡ್ರಿ."

"ಸಾಹೇಬ್ರ, ನಾ ಅವನ ಅಣ್ಣ" ಎಂದ ರಾಘಣ್ಣ, ಏದುಸಿರು ಬಿಡುತ್ತ. "ಹೊರಗಿನಾವ ಅಲ್ಲ."

"ಗೊತ್ತಾತ್ರಿ. ಹಾದಿಹೋಕರು ಹಿಂಗ ನೂಕಂಗಿಲ್ಲ."

"ಅವಂಗ ದಮ್ಮು ಅದರಿ! ಈ ಆಟ ಆಡಿಸೋದ ತಪ್ಪು. ಅಂಥಾದ್ರಾಗ ನೀವು…"

"ಅಣ್ಣಾ, ಸುಮ್ಮನಿರು" ಎಂದ ಸುರೇಶ. ಅಣ್ಣನಿಗೆ ಆ ಮಾತನ್ನು ಅವನು ಹಿಂದೆ ಎಂದೂ ಹೇಳಿರಲಿಲ್ಲ. ನಂಬರಿನ ಬಟ್ಟೆ ಬಿಚ್ಚಿ ಹಾಲಸಿದ್ದಪ್ಪನವರ ಕೈಗಿತ್ತ. "ಸರ್, ಆಟದಾಗ ಇಲ್ಲ, ಆತು. ಆದ್ರ ಪೂರ್ತಿ ಮಾಡ್ಲೇನು?"

ಅವರು ಬಟ್ಟೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. "ರಸ್ತಾ ಸರಕಾರದ್ದು. ಓಡ್ರಿ" ಎಂದು ಮೋಟರ್ ಸೈಕಲ್ಲಿಗೆ ಕಿಕ್ ಹೊಡೆದರು.

ಅಣ್ಣನ ವಾದ ಇನ್ನೊಬ್ಬರ ಬಾಯಲ್ಲಿ ಬಂದಿದ್ದಕ್ಕೆ ಬೇರೆ ದಿನವಾಗಿದ್ದರೆ ಇಬ್ಬರೂ ನಗುತ್ತಿದ್ದರು. ಸುರೇಶ ಸೈಕಲ್ ಏರುತ್ತ, ತಿರುಗದೆಯೇ ಹೇಳಿದ: "ಇಲ್ಲಿಂದ ನೀ ಹಿಂದ ಬರಬ್ಯಾಡ. ಬಂದ್ರ ನಾ ಇಲ್ಲೇ ನಿಂದರ್ತೀನಿ."

ಸ್ಕೂಟರಿನ ಸದ್ದು ಹಿಂದೆ ಬರಲಿಲ್ಲ. ಉಳಿದ ದಾರಿ ವಿಪರೀತ ಉದ್ದವಾಯಿತು. ಸೈಕಲ್ ಇಳಿದು ಓಡಲು ನೋಡಿದರೆ ಕಾಲುಗಳು ಬೇರೆಯವರವು. ಮೊಣಕಾಲು ಎತ್ತಿದರೆ ಏಳುತ್ತಿರಲಿಲ್ಲ, ಇಟ್ಟರೆ ಊರುತ್ತಿರಲಿಲ್ಲ. ಸ್ವಲ್ಪ ನಡೆದ, ಸ್ವಲ್ಪ ಓಡಿದ. ಅವನು ಹಿಂದೆ ಹಾಕಿದ್ದ ಪೊಲೀಸ ಪಕ್ಕದಲ್ಲೇ ಹಾದುಹೋಗುತ್ತ, "ನಂಬರ್ ಎಲ್ಲಿ ಬೀಳಿಸಿದ್ರಿ?" ಎಂದು ಕೇಳಿದ. ಓಡುತ್ತ ಸುರೇಶ ಆ ಏರಿನ ಮೇಲಿನ ಗಳಿಗೆಯನ್ನೇ ಯೋಚಿಸಿದ. ತೆಪ್ಪದ ಮುದುಕನಿಗೆ ಬೇಡ ಎನ್ನಲು ಬಂತು. ಅಣ್ಣನಿಗೆ ಬರಲಿಲ್ಲ. ಅಣ್ಣನ ಕೈ ಇನ್ನೊಬ್ಬರ ಕೈ ಎಂದೇ ಅನ್ನಿಸಿರಲಿಲ್ಲ. ಸಿಟ್ಟು ಅಣ್ಣನ ಮೇಲೆ ಶುರುವಾಗಿ, ಕೊನೆಯ ತಿರುವಿನ ಹೊತ್ತಿಗೆ ತನ್ನ ಮೇಲೇ ತಿರುಗಿತ್ತು. ಗೆರೆ ದಾಟಿದಾಗ ಯಾರೋ ಒಂದು ನಿಂಬೆಹಣ್ಣಿನ ಶರಬತ್ತು ಕೊಟ್ಟರು. ಅವನ ವೇಳೆಯನ್ನು ಯಾರೂ ನೋಡಲಿಲ್ಲ. ರಾಘಣ್ಣ ಅಲ್ಲಿರಲಿಲ್ಲ, ಊರಿಗೆ ಹೋಗಿಬಿಟ್ಟಿದ್ದ.

ಮುಂದೆ ಎರಡು ರವಿವಾರ ಸುರೇಶ ಬ್ಯಾಡಗಿಗೆ ಹೋಗಲಿಲ್ಲ. ಮೂರನೆಯದಕ್ಕೆ ಹೋದ. ರಜೆಯ ದಿನವಾದ್ದರಿಂದ ಅಂಗಡಿಯಲ್ಲಿ ಹಮಾಲರಿರಲಿಲ್ಲ. ರಾಘಣ್ಣ ಒಬ್ಬನೇ ಕೂತು ಮಾದರಿಯ ಕಾಯಿಗಳನ್ನು ಮುರಿದು ಬಣ್ಣ ನೋಡುತ್ತಿದ್ದ. ತಮ್ಮನನ್ನು ಕಂಡ ಕೂಡಲೇ ಕೈ ಒರೆಸಿಕೊಂಡು ಎದ್ದ. "ಒಳಗ ಬರಬ್ಯಾಡ, ಘಾಟದ. ನಾನ ಹೊರಗ ಬರ್ತೀನಿ."

ಇಬ್ಬರೂ ಕಟ್ಟೆಯ ಮೇಲೆ ಕೂತರು.

"ನನ್ನಿಂದ ನಿನ್ನ ಆಟ ಕೆಟ್ಟಿತು" ಎಂದ ರಾಘಣ್ಣ.

"ಇಲ್ಲ. ಚೈನ್ ನನಗೂ ಹಾಕ್ಲಿಕ್ಕೆ ಬರತಿತ್ತು. ನಾ ತಿರುಗಿ ನೋಡಿದೆ. ಅದು ನನ್ನ ತಪ್ಪು."

"ನೀ ನೋಡಿದ್ದಕ್ಕ ನಾ ಬಂದೆ."

"ನಾ ನೋಡದಿದ್ರ ಬರ್ತಿದ್ದಿಲ್ಲೇನು?"

ರಾಘಣ್ಣ ಪ್ರಾಮಾಣಿಕವಾಗಿ ಯೋಚಿಸಿದ. "ಬರ್ತಿದ್ದೆ" ಎಂದ.

ಇಬ್ಬರಿಗೂ ಒಟ್ಟಿಗೇ ನಗು ಬಂತು. ನಗು ನಿಂತ ಮೇಲೆ ರಾಘಣ್ಣ ದನಿ ತಗ್ಗಿಸಿದ. "ನೀ ಸಣ್ಣಾಂವ ಇದ್ದಾಗ ನಿನ್ನ ಉಸಿರು ನಿಂತರ ಅನ್ನೋ ಅಂಜಿಕಿಗೆ ನಾ ಪಕ್ಕದಾಗ ಎಚ್ಚರ ಇರ್ತಿದ್ದೆ. ಆ ರೂಢಿ ಬಿಡವಲ್ದು. ನೀನು ಆರಾಮ ಅದೀ ಅಂತ ಗೊತ್ತದ. ಆದ್ರೂ ಬಿಡವಲ್ದು."

ಸುರೇಶನಿಗೆ ಅಣ್ಣನೂ ಒಂದು ಗೋಡೆ ಹಿಡಿದುಕೊಂಡೇ ಇಷ್ಟು ವರ್ಷ ಬಂದಿದ್ದಾನೆ ಎನಿಸಿತು. "ಹೊಳ್ಯಾಗ ನನಗೂ ಹೆದರಿಕಿ ಆಗಿತ್ತು" ಎಂದಷ್ಟೇ ಅಂದ.

ಮರುವರ್ಷವೂ ಪಂದ್ಯ ನಡೆಯಿತು. ಅಷ್ಟರಲ್ಲಿ ಸುರೇಶ ಕೆರೆಯಲ್ಲಿ ಈಜಿ ಅಭ್ಯಾಸ ಮಾಡಿಕೊಂಡಿದ್ದ, ಸೈಕಲ್ ಇಳಿದ ಕೂಡಲೇ ಓಡುವುದನ್ನು ಕಲಿತಿದ್ದ. "ನೀ ಬರ್ತೀ?" ಎಂದು ಅಣ್ಣನನ್ನು ಕೇಳಿದ.

"ಇಲ್ಲ. ಬಂದ್ರ ನಿನ್ನ ಹಿಂದ ಬಂದಬಿಡ್ತೀನಿ. ನನ್ನ ಗುಣ ನನಗ ಗೊತ್ತದ. ಮನ್ಯಾಗಿರ್ತೀನಿ."

ಈ ಸಲ ಸುರೇಶ ನಡುಗುಂಪಿನಲ್ಲಿ ಎಲ್ಲೋ ಬಂದ. ಕೊನೆಯ ಓಟದಲ್ಲಿ ಮಾತ್ರ ಒಮ್ಮೆ ನಡೆದ. ಊರಿಗೆ ಹೊರಡುವಾಗ ಹಾಲಸಿದ್ದಪ್ಪನವರು ಬೆನ್ನು ತಟ್ಟಿ, "ನಿಮ್ಮಣ್ಣ ಬಂದಿಲ್ಲೇನ್ರಿ?" ಎಂದು ಸುತ್ತ ನೋಡಿದರು.

ಬ್ಯಾಡಗಿಗೆ ಹೋಗಲು ಮೋಟೆಬೆನ್ನೂರಿನಲ್ಲಿ ಇಳಿದು ಬಸ್ಸು ಬದಲಾಯಿಸಬೇಕು. ಸುರೇಶ ಬಸ್ಸಿನ ಮೇಲಿಂದ ಸೈಕಲ್ ಇಳಿಸಿಕೊಳ್ಳುವಾಗ ಸಂಜೆಯಾಗಿತ್ತು. ಹೆದ್ದಾರಿಯ ಪಕ್ಕದ ಚಹಾದಂಗಡಿಯ ಬೆಂಚಿನ ಮೇಲೆ ರಾಘಣ್ಣ ಕೂತಿದ್ದ. ಸುರೇಶ ಅವನ ಹತ್ತಿರ ಹೋಗಿ ನಿಂತ.

"ಇಲ್ಲಿ ಚಹಾ ಚಲೋ ಮಾಡ್ತಾರ" ಎಂದ ರಾಘಣ್ಣ, ಗ್ಲಾಸಿನ ಒಳಗೆ ನೋಡುತ್ತ.

"ಯಾವಾಗ ಬಂದಿ?"

"ಈಗ ಬಂದೆ."

ಚಹಾದಂಗಡಿಯವಳು ಒಲೆಯ ಹಿಂದಿನಿಂದ ತಲೆ ಎತ್ತಿ, "ಎಲ್ಲಿ ಈಗರಿ? ಮಧ್ಯಾಹ್ನದಿಂದ ಕುಂತಾರ" ಎಂದಳು.

ಸುರೇಶ ಬೆಂಚಿನ ಮೇಲೆ ಜಾಗ ಮಾಡಿಕೊಂಡು ಕೂತ. ಕಾಲು ಚಾಚಿದಾಗ ಮೀನಖಂಡ ಹಿಡಿಯಿತು. ರಾಘಣ್ಣನ ಕೈ ತಾನಾಗಿಯೇ ಆ ಕಡೆ ಬಂತು, ಅರ್ಧದಲ್ಲಿ ನಿಂತಿತು, ತನ್ನ ಗ್ಲಾಸಿಗೇ ಹಿಂದಿರುಗಿತು. ಸುರೇಶ ತಾನೇ ಬಗ್ಗಿ ಕಾಲು ತಿಕ್ಕಿಕೊಂಡ.

"ಹೇಳು" ಎಂದ ರಾಘಣ್ಣ. "ಮೊದಲಿಂದ ಹೇಳು. ನೀರು ತಣ್ಣಗಿತ್ತೇನು?"

ಸುರೇಶ ಹೇಳತೊಡಗಿದ. ಬ್ಯಾಡಗಿಯ ಬಸ್ಸು ಬಂತು, ನಿಂತಿತು, ಹೋಯಿತು. ಅವನು ಇನ್ನೂ ಹೊಳೆಯನ್ನೇ ದಾಟಿರಲಿಲ್ಲ.