ವಾಡಿಯಲ್ಲಿ ನಿಲ್ಲದ ಗಾಡಿ

ವಾಡಿ ಜಂಕ್ಷನ್ನಿನ ಜನ ಬೀಗರ ಹೆಸರು ಮರೆತಾರು, ಗಾಡಿಯ ನಂಬರು ಮರೆಯುವವರಲ್ಲ. ಸ್ಟೇಷನ್ ರಸ್ತೆಯಲ್ಲಿ ಮೆಹತಾಬ್ ಇಂಟರ್ನೆಟ್ ಅಂಗಡಿ ತೆರೆದು, ಬಂದವರಿಗೆಲ್ಲ ಇ-ಮೇಲ್ ಮಾಡಿಕೊಟ್ಟು, ಪಾಸ್‌ವರ್ಡ್ ಏನಿಡಲಿ ಎಂದು ಕೇಳಿದಾಗ ಇಡೀ ರೈಲ್ವೆ ಕಾಲೊನಿ ಹೇಳಿದ್ದು ತಮ್ಮ ತಮ್ಮ ಪ್ರೀತಿಯ ಗಾಡಿಯ ನಂಬರನ್ನೇ. ಹೋಗುವ ನಂಬರು, ಅದರ ಬೆನ್ನಿಗೆ ಬರುವ ನಂಬರು. ಆಮೇಲಿಂದ ಯಾರು ಬಂದು ಕಂಪ್ಯೂಟರಿನ ಮುಂದೆ ಕುಳಿತರೂ ಮೆಹತಾಬ್ ಗಲ್ಲಾದಿಂದಲೇ "ಯಾವ ಗಾಡಿ?" ಎಂದು ಕೇಳುವುದು, ಅವರು "ಉದ್ಯಾನ" ಎಂದೋ "ಕರ್ನಾಟಕ" ಎಂದೋ ಗಾಡಿಯ ಹೆಸರು ಕೂಗುವುದು, ಅವನು ಬಂದು ಪಟಪಟ ಒತ್ತಿಕೊಡುವುದು ರೂಢಿಯಾಗಿಬಿಟ್ಟಿತು.

ವಂದನಾಳದ್ದು ಹುಸೇನ್‌ಸಾಗರ. ಅಜ್ಜಿಯ ಊರು ತಾಂಡೂರಿಗೆ ಅವಳು ಹೋಗುತ್ತಿದ್ದದ್ದು ಆ ಗಾಡಿಗೇ. ಬುಕಿಂಗ್ ಕ್ಲರ್ಕ್ ಶ್ರೀರಾಮರಾಯರ ಈ ಮಗಳು ಬೀಗ ಹಾಕಿದ ಮೇಲೂ ಎರಡು ಸಲ ಜಗ್ಗಿ ನೋಡುವವಳು, ಪೋಸ್ಟ್ ಡಬ್ಬಿಗೆ ಕಾಗದ ಹಾಕಿ ಒಳಗೆ ಬಿತ್ತೋ ಇಲ್ಲವೋ ಎಂದು ಬಗ್ಗಿ ನೋಡುವವಳು. ಆದರೆ ಹುಸೇನ್‌ಸಾಗರ ಎಂದು ಎಲ್ಲರೆದುರು ಕೂಗುವಾಗ ಮಾತ್ರ ಅವಳಿಗೆ ಒಂದಿಷ್ಟೂ ಅಳುಕಾಗಿರಲಿಲ್ಲ. ಅದೂ ಒಂದು ಬೀಗದ ಕೈ ಎಂದು ಅನ್ನಿಸಿದ್ದರಲ್ಲವೆ ಅಳುಕು?

ಎರಡು ಸಾವಿರದ ಆರನೆಯ ಇಸವಿಯ ಒಂದು ಸೋಮವಾರ ಬೆಳಿಗ್ಗೆ, ಕಾಯಿಪಲ್ಲೆ ಮಾರುವ ಹಣಮವ್ವ ಅವರ ಬಾಗಿಲಲ್ಲಿ ಬುಟ್ಟಿ ಇಳಿಸಿ, ಮೆಂತ್ಯೆಯ ಸೂಡು ತೆಗೆಯುತ್ತ ಕೇಳಿದಳು:

"ಹುಬ್ಬಳ್ಳಿ ನೌಕರಿ ಒಲ್ಲೆ ಅಂದ್ಯಂತಲ್ಲ ತಂಗಿ. ಚಲೋ ನೌಕರಿ ಅಂತಿದ್ರಪ್ಪ ಮಂದಿ."

ನೀರು ಪರೀಕ್ಷೆ ಮಾಡುವ ಹುಬ್ಬಳ್ಳಿಯ ಪ್ರಯೋಗಾಲಯವೊಂದರ ನೌಕರಿಗೆ ವಂದನಾ ಗುಲಬರ್ಗಾದಲ್ಲಿ ಪರೀಕ್ಷೆ ಬರೆದಿದ್ದು ನಿಜ. ಉತ್ತರಕ್ಕೆ ಕಾಯುತ್ತಿದ್ದಳು. ನೌಕರಿ ಸಿಕ್ಕಿದ್ದೇ ಅವಳಿಗೆ ಗೊತ್ತಿಲ್ಲ. ಒಲ್ಲೆ ಎಂದದ್ದು ಯಾವಾಗ? ಯಾರು ಹೇಳಿದರೆಂದು ಕೇಳಿದರೆ, ನಳದ ಹತ್ತಿರ ನಿಮ್ಮ ಸೋದರತ್ತೆ ವಿಮಲಾಬಾಯಿಯೇ ಹೇಳುತ್ತಿದ್ದರಲ್ಲ ಎಂದಳು ಹಣಮವ್ವ.

ಚಪ್ಪಲಿ ಎಡಬಲ ನೋಡದೆ ಮೆಟ್ಟಿಕೊಂಡು ವಂದನಾ ಓಡಿದಳು. ಸಿಕ್ಕಿದೆ ಎಂಬ ಹಿಗ್ಗು ಒಂದು ಹೆಜ್ಜೆ, ಹೋಯಿತೇ ಎಂಬ ದಿಗಿಲು ಇನ್ನೊಂದು ಹೆಜ್ಜೆ. ಮೆಹತಾಬ್ ಬಾಯಿ ತೆರೆಯುವುದರೊಳಗೆ ತಾನೇ ನಂಬರು ಒತ್ತಿದಳು. ಪತ್ರ ಬಂದಿತ್ತು. ಆಯ್ಕೆಯಾಗಿದ್ದೀರಿ, ಸೋಮವಾರ ಸಂಜೆ ಕಚೇರಿ ಮುಚ್ಚುವುದರೊಳಗೆ ಒಪ್ಪಿಗೆ ತಿಳಿಸಿ ಎಂದಿತ್ತು. ಅದರ ಕೆಳಗೇ ಅವಳ ಹೆಸರಿನಿಂದ ಹೋದ ಉತ್ತರ: ಮನೆಯ ಕಾರಣಗಳಿಂದ ಬರಲಾಗುವುದಿಲ್ಲ, ಕ್ಷಮಿಸಿ.

ಪಕ್ಕದ ಕಂಪ್ಯೂಟರಿನಲ್ಲಿ ಇಸ್ಪೀಟಾಡುತ್ತಿದ್ದವನು ವಿಮಲತ್ತೆಯ ಮಗ ನಂದಕಿಶೋರ್. ಅವನು ಮುಖ ಮರೆಮಾಡಲೂ ಇಲ್ಲ. ಶನಿವಾರ ತನ್ನ ಮೇಲ್ ನೋಡಲು ಬಂದವನು, ಹಾಗೇ ಇವಳದ್ದೂ ನೋಡಿದನಂತೆ. ಪೋಸ್ಟಿಗೆ ಹೋದವರು ಪಕ್ಕದ ಮನೆಯವರ ಕಾಗದವನ್ನೂ ತರುವುದಿಲ್ಲವೇ, ಹಾಗೆ.

"ನಮ್ಮವ್ವ ಬರಿ ಅಂದ್ಳು, ಬರ್ದೆ. ಅಷ್ಟು ದೂರ ಒಬ್ಬಾಕಿನ ನೀ ಹೋಗಾಕಿ ಅಲ್ಲ ಅಂತ ಎಲ್ಲಾರಿಗೂ ಗೊತ್ತೇ ಅದ."

"ನನಗ ಗೊತ್ತಿರಲಿಲ್ಲ," ಎಂದಳು ವಂದನಾ. "ನಂದು ತಗೀಲಿಕ್ಕೆ ನಿನಗ ನಂಬರ್ ಯಾರ್ ಕೊಟ್ರು?"

"ಯಾರ್ ಯಾಕ ಕೊಡ್ಬೇಕು? ಹುಸೇನ್‌ಸಾಗರ ಅಂತ ನೀನೇ ದಿನಾ ಒದರ್ತೀ. ಬೇಕಾದ್ರ ಬಾಬುಮಿಯಾಗ ಕೇಳು."

ಚಹಾ ತಂದಿದ್ದ ಬಾಬುಮಿಯಾ ಗ್ಲಾಸುಗಳನ್ನು ಇಳಿಸುತ್ತ, "ಹೌದವ್ವಾ, ನಿಂದು ಹುಸೇನ್‌ಸಾಗರ. ನಿಮ್ಮಪ್ಪಂದು ಉದ್ಯಾನ," ಎಂದು ನಿರ್ಮಲವಾಗಿ ಹೇಳಿದ.

ಮತ್ತೊಂದು ಮೇಲ್ ಬರೆದರೆ ಯಾರು ನಂಬುತ್ತಾರೆ? ಅದೇ ಅಂಗಡಿಯ ಮೂಲೆಯಲ್ಲಿದ್ದ ಎಸ್‌ಟಿಡಿ ಫೋನಿನ ಗಾಜಿನ ಗೂಡಿಗೆ ನುಗ್ಗಿ ಅವಳು ಪತ್ರದಲ್ಲಿದ್ದ ಹುಬ್ಬಳ್ಳಿಯ ನಂಬರಿಗೆ ಫೋನ್ ಹಚ್ಚಿದಳು. ಮೀಟರಿನ ಕೆಂಪು ಅಂಕಿಗಳು ಓಡತೊಡಗಿದವು. ಅತ್ತ ಕಡೆಯ ಅಧಿಕಾರಿ ಹೆಂಗಸು ಸಮಾಧಾನದಿಂದಲೇ ಕೇಳಿಸಿಕೊಂಡರು. ಬರುವುದಿಲ್ಲ ಎಂದು ಬರೆದವಳು ವಂದನಾ, ಬರುತ್ತೇನೆ ಎನ್ನುವವಳೂ ವಂದನಾ. ಯಾರನ್ನು ನಂಬಲಿ ಎಂದರು. ಇವಳು ಹುಟ್ಟಿದ ತಾರೀಖು ಹೇಳಿದಳು, ತಾಯಿಯ ಹೆಸರು ಹೇಳಿದಳು, ಬಿ.ಎಸ್ಸಿ. ಅಂಕಗಳನ್ನೂ ಹೇಳಿದಳು.

"ಇದೆಲ್ಲಾ ನೀವು ಮೇಲ್‌ನಾಗ ಕಳಿಸಿದ ಅರ್ಜಿಯೊಳಗೇ ಅದ," ಎಂದರು ಅವರು. "ನಿಮ್ಮ ಮೇಲ್ ತಗದವರಿಗೆ ಇದೂ ಗೊತ್ತಿರತದ. ನಿಮಗೊಬ್ಬರಿಗೇ ಗೊತ್ತಿದ್ದದ್ದು ಏನರ ಹೇಳ್ರಿ."

ತನಗೊಬ್ಬಳಿಗೇ ಗೊತ್ತಿದ್ದದ್ದು! ವಂದನಾಳ ಜಾತಕ ಸೇಡಂವರೆಗೆ ಹೋಗಿಬಂದಿತ್ತು, ಫೋಟೋ ಚಿತ್ತಾಪುರದಲ್ಲಿತ್ತು, ಅಂಕಪಟ್ಟಿಯನ್ನು ಅಪ್ಪ ಸ್ಟೇಷನ್ನಿನಲ್ಲೆಲ್ಲ ತೋರಿಸಿದ್ದರು. ಗಾಜಿನ ಆಚೆ ನಂದಕಿಶೋರ್, ಮೆಹತಾಬ್, ಬಾಬುಮಿಯಾ ಕಿವಿ ನಿಮಿರಿಸಿ ನಿಂತಿದ್ದರು. ಅವರಿಗೆ ಗೊತ್ತಿಲ್ಲದ್ದು ಒಂದಾದರೂ ಇದೆಯೇ?

ಇತ್ತು. ಗುಲಬರ್ಗಾದ ಪರೀಕ್ಷೆಯಲ್ಲಿ ಕೈ ನಡುಗಿ, ಪೆನ್ನಿನ ಮಸಿ ಉತ್ತರಪತ್ರಿಕೆಯ ಕೊನೆಯ ಹಾಳೆಯ ಮೇಲೆ ಚೆಲ್ಲಿತ್ತು. ನಾಚಿಕೆಯಿಂದ ಅವಳು ಅದನ್ನು ತಾಯಿಗೂ ಹೇಳಿರಲಿಲ್ಲ.

ಅವಳು ಗೂಡಿನ ಬಾಗಿಲನ್ನು ಗಟ್ಟಿಯಾಗಿ ಎಳೆದುಕೊಂಡು, ಬೆನ್ನು ತಿರುಗಿಸಿ, ಓಢಣಿಯನ್ನು ಬಾಯಿಗೆ ಅಡ್ಡ ಹಿಡಿದು, ಮೆಲ್ಲಗೆ ಎಲ್ಲವನ್ನೂ ಹೇಳಿದಳು: ಮಸಿ ಚೆಲ್ಲಿದ್ದು, ಬಿದ್ದಲ್ಲಿ ಗೆರೆ ಎಳೆದು ಅಂಚಿನಲ್ಲಿ "ಲೆಕ್ಕ ಸರಿಯಿದೆ, ಕೈ ನಡುಗಿತು" ಎಂದು ಸಣ್ಣಗೆ ಬರೆದದ್ದು.

ಆ ಕಡೆ ಕಪಾಟು ತೆರೆದ ಸದ್ದು, ಹಾಳೆ ಮಗುಚಿದ ಸದ್ದು. ಅಂಕಿಗಳು ಓಡುತ್ತಲೇ ಇದ್ದವು. ಆಮೇಲೆ ಒಂದು ಸಣ್ಣ ನಗು.

"ಲೆಕ್ಕ ಖರೇನೇ ಸರಿ ಅದ. ಒಂದನೇ ತಾರೀಖಿಗೆ ಬರ್ರಿ. ಆದ್ರ ಮೊದಲು ಆ ಪಾಸ್‌ವರ್ಡ್ ಬದಲಿ ಮಾಡ್ರಿ."

ಹೊರಗೆ ಬಂದವಳ ಮುಖ ನೋಡಿಯೇ ಬಾಬುಮಿಯಾ ಚಹಾದ ಗ್ಲಾಸು ಮುಂದೆ ಮಾಡಿದ. ಏನು ಹೇಳಿದೆ, ಏನು ಹೇಳಿದೆ ಎಂದು ನಂದಕಿಶೋರ್ ಬೆನ್ನುಬಿದ್ದ. ಅವಳು ಚಹಾ ಕುಡಿದಳೇ ಹೊರತು ಹೇಳಲಿಲ್ಲ. ಹೇಳದೆ ಇರುವುದರಲ್ಲಿ ಇಷ್ಟು ಖುಷಿ ಇದೆಯೆಂದು ಅವಳಿಗೆ ಅಂದೇ ಗೊತ್ತಾದದ್ದು. ಅಷ್ಟರಲ್ಲಿ ಅಂಗಡಿಯಲ್ಲಿದ್ದವರಿಗೆಲ್ಲ ತಮ್ಮ ತಮ್ಮ ಮೇಲ್‌ಗಳ ಚಿಂತೆ ಹತ್ತಿ, ನನ್ನದನ್ನು ಕರ್ನಾಟಕ ಎಕ್ಸ್‌ಪ್ರೆಸ್ಸಿಗೆ ಬದಲಿ ಮಾಡು, ನನ್ನದನ್ನು ಸೊಲ್ಲಾಪುರ ಪ್ಯಾಸೆಂಜರಿಗೆ ಮಾಡು ಎಂದು ಒಬ್ಬರಿಗಿಂತ ಒಬ್ಬರು ಜೋರಾಗಿ ಕೂಗತೊಡಗಿದರು.

ವಂದನಾ ಕಂಪ್ಯೂಟರಿನ ಮುಂದೆ ಕುಳಿತಳು. ಮೆಹತಾಬ್ ರೂಢಿಯಂತೆ ಹತ್ತಿರ ಬಂದು, ಯಾವ ಗಾಡಿ ಎಂದ.

"ಇದು ವಾಡ್ಯಾಗ ನಿಲ್ಲೂದಿಲ್ಲ ಭೈಯ್ಯಾ. ಸ್ವಲ್ಪ ಆ ಕಡಿ ಹೊಳ್ಳಿ ನಿಂದರ್ರಿ."

ಅವನು ಗೋಡೆಯ ಕಡೆ ತಿರುಗಿ ನಿಂತ. ಅವಳು ಒಂದೊಂದೇ ಅಕ್ಷರ ಒತ್ತಿದಳು, ಮತ್ತೊಮ್ಮೆ ಒತ್ತಿದಳು, ಬೀಗ ಜಗ್ಗಿ ನೋಡುವಂತೆ ಹೊರಬಂದು ಮತ್ತೆ ತೆರೆದು ನೋಡಿದಳು. ಗೋಡೆಗೆ ಮುಖ ಮಾಡಿಯೇ ಕೀಲಿಗಳ ಟಕಟಕ ಆಲಿಸುತ್ತಿದ್ದ ಮೆಹತಾಬ್ ಕೊನೆಗೆ ತಡೆಯಲಾರದೆ ಹೇಳಿದ:

"ಭಾಳ ಉದ್ದನ ಗಾಡಿ ಅದ ಬಿಡವ್ವಾ."