ಬೀಗ ಹಾಕಿದ ಕಕ್ಕಸು

“ಬೇಗ ಬಂದು ಬಳಿಯೇ, ಮುಂಡೇದೆ! ನಿನ್ ಕುಂಟಿ ಮತ್ತೆ ಹೊಯ್ಕಂಡವಳೆ. ಕಲ್ಯಾಣದುರ್ಗದಿಂದ ಆಫೀಸರು ಬರೋ ಹೊತ್ತು!”

ಹೆಡ್ಮಾಸ್ಟರ್ ಕೇಶವಯ್ಯ ಮೂಗಿಗೆ ಕರ್ಚೀಪು ಒತ್ತಿಕೊಂಡು ವರಾಂಡದಲ್ಲಿ ನಿಂತಿದ್ದ. ಕಡ್ಲೆಕಾಯಿ ಹೊಲದಲ್ಲಿ ಕಳೆ ಕೀಳುತ್ತಿದ್ದ ನಾನು ಕೈಮಣ್ಣು ಕೂಡ ಒದರದೆ ಓಡಿ ಬಂದಿದ್ದೆ. ನನ್ನ ಮಗಳು ಇಂದ್ರಾಣಿ ಚಪ್ಪಲಿಗಳ ಪಕ್ಕ ಒದ್ದೆ ಲಂಗದಲ್ಲಿ ಮುದುಡಿ ಕೂತಿದ್ದಳು. ನಾಲ್ಕನೇ ಕ್ಲಾಸು. ಸೊಂಟದ ಕೆಳಗೆ ಬಲವಿಲ್ಲ, ಕೈಯೂರಿ ತೆವಳುತ್ತಾಳೆ. ಎಲ್ಲಾ ಮಕ್ಕಳ ಜೊತೆಗೇ ಓದಬೇಕು ಅಂತ ಮನೆಗೆ ಬಂದು ಹೆಸರು ಬರೆದುಕೊಂಡು ಹೋದವರು ಈ ಸ್ಕೂಲಿನವರೇ. ತಂದು ಕೂರಿಸಿದ್ದು ಮಾತ್ರ ಬಾಗಿಲಾಚೆ, ಚಪ್ಪಲಿ ಬಿಡೋ ಜಾಗದಲ್ಲಿ.

ಇಂಥವಳಿಗಂತಲೇ ಹೋದ ವರ್ಷ ಒಂದು ಕಕ್ಕಸು ಕಟ್ಟಿಸಿದ್ದಾರೆ. ಕುರ್ಚಿಯಂಥ ಕಮೋಡು, ಹಿಡಿದುಕೊಳ್ಳಲು ಸ್ಟೀಲಿನ ಕಂಬಿ. ಅದಕ್ಕೆ ಬೀಗ ಜಡಿದವನು ಕೇಶವಯ್ಯ. ಮಂಡಿನೋವಂತೆ ಅವನಿಗೆ, ಕುಕ್ಕರಗಾಲಲ್ಲಿ ಕೂರಲಾಗದಂತೆ. ಥೂ! ನನ್ನ ಮಗಳು ಒಂದು ದಿನ ಹುಡುಗಿಯರ ಕಕ್ಕಸಿಗೆ ತೆವಳಿ ಹೋಗಿ ಕಂಡವರ ಹೇಲಿನಲ್ಲಿ ಕೈ ಊರಿ ಬಂದಳು. ಅವತ್ತಿನಿಂದ ಬೆಳಿಗ್ಗೆ ಒಂದು ಗುಟುಕು ನೀರೂ ಕುಡಿಯದೆ ಸ್ಕೂಲಿಗೆ ಬರುತ್ತಾಳೆ. ಆದರೂ ಮಧ್ಯಾಹ್ನ ಉಂಡ ಮೇಲೆ ಎಷ್ಟೂಂತ ತಡೆದಾಳು?

“ಬೀಗದ ಕೈ ಕೊಡಿ ಸಾ. ಇನ್ಮೇಲಾದ್ರೂ ನಾನೇ ಬಂದು ಕೂರಿಸ್ಕಂಡು ಹೋಯ್ತೀನಿ,” ಅಂದೆ.

“ಗಲೀಜು ಮಾಡ್ತಾಳೆ ಕಣಮ್ಮ. ಆಮೇಲೆ ನಾನು ಕೂತ್ಕಬೇಕಲ್ಲಿ. ಹೋಗು, ನಲ್ಲಿ ಹತ್ರ ತೊಳಿ.”

ನಲ್ಲಿ ಹತ್ತಿರ ತೊಳೆದೆ. ಇಡೀ ಸ್ಕೂಲು ನೋಡುತ್ತಿತ್ತು. ಇಂದ್ರಾಣಿ ಅಳಲಿಲ್ಲ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

ಜೀಪು ಬಂತು. ಆಫೀಸರ್ ಮುರಳಿಕೃಷ್ಣ ಇಳಿದರು. ಕೇಶವಯ್ಯ ಬಗ್ಗಿ ಬಗ್ಗಿ ನಮಸ್ಕಾರ ಮಾಡಿದ. ಬೀರು ಹಿಂದಿನಿಂದ ಒಂದು ಗಾಲಿಕುರ್ಚಿ ಹೊರಗೆ ಬಂತು, ಪ್ಲಾಸ್ಟಿಕ್ ಕವರು ಇನ್ನೂ ಬಿಚ್ಚಿರಲಿಲ್ಲ. ಅಂಥದ್ದೊಂದು ಇದೆಯೆಂದು ನನಗೆ ಗೊತ್ತಾಗಿದ್ದೇ ಅವತ್ತು. ಮಗಳನ್ನು ಅದರಲ್ಲಿ ಕೂರಿಸಿ, ಮೊದಲ ಸಾಲಿಗೆ ತಳ್ಳಿ, ಕೈಗೊಂದು ಗುಲಾಬಿ ಕೊಟ್ಟು ಫೋಟೊ ಹೊಡೆದರು.

“ಚಾಲಾ ಬಾಗುಂದಿ,” ಬಲು ಚೆನ್ನಾಗಿದೆ ಅಂತ ತೆಲುಗಿನಲ್ಲಿ ಮೆಚ್ಚಿಕೊಂಡರು ಆಫೀಸರು. “ಏನಮ್ಮಾ, ಪಾಪೂಗೆ ಇಲ್ಲಿ ಎಲ್ಲಾ ಅನುಕೂಲ ಐತಲ್ಲ?”

ನಾನು ಬಾಯಿ ಬಿಡುವುದರೊಳಗೆ ಕೇಶವಯ್ಯ, “ನಮ್ ಮನೆ ಮಗಳಂಗೆ ನೋಡ್ಕಂತೀವಿ ಸಾರ್,” ಅಂದ.



ಟೀ ಕುಡಿದ ಆಫೀಸರು ಕಿರುಬೆರಳು ಎತ್ತಿ ತೋರಿಸಿದರು. ಕೇಶವಯ್ಯ ಜೇಬಿನಿಂದ ಬೀಗದ ಕೈ ತೆಗೆದು ಮುಂದೆ ಓಡಿದ. ಮಂಡಿ ನೋಯಲಿಲ್ಲ ಆಗ. ಬೀಗ ತೆಗೆದು, ಬಾಗಿಲು ತಳ್ಳಿ, “ದಯಚೇಯಂಡಿ ಸಾರ್” ಅಂತ ಒಳಗೆ ಕರೆದು ಪಕ್ಕಕ್ಕೆ ಸರಿದ.

ನಾನು ಗಾಲಿಕುರ್ಚಿಯಿಂದ ಮಗಳನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡು ಇಬ್ಬರ ನಡುವೆ ನುಗ್ಗಿದೆ. ಒಳಗಿಂದ ಚಿಲಕ ಹಾಕಿದೆ.

“ಏಯ್ ಚಿನ್ನಕ್ಕಾ! ತೆಗಿಯೇ ಬಾಗಿಲು! ಸಾಹೇಬ್ರು ನಿಂತವ್ರೆ!”

“ನಿಂತ್ಕಳ್ಳಿ ಬಿಡಲಾ, ಹಲ್ಕಾ ನನ್ಮಗನೆ! ನನ್ ಮಗಳು ಒಂದ್ ವರ್ಷದಿಂದ ತಡ್ಕಂಡವಳೆ!”

ಬಾಗಿಲು ದಬದಬ ಬಡಿಯುತ್ತಿದ್ದರು. ಇಂದ್ರಾಣಿ ಕಂಬಿಯನ್ನು ಬಿಗಿಯಾಗಿ ಹಿಡಿದು ಮೊದಲ ಸಲ ಅದರ ಮೇಲೆ ಕೂತಿದ್ದಳು. ಒಂದೊಂದು ಏಟಿಗೂ ಅವಳ ಮೈ ಬೆಚ್ಚುತ್ತಿತ್ತು.

“ಅಮ್ಮಾ, ಬತ್ತಾ ಇಲ್ಲ ಕಣಮ್ಮಾ.”

“ಬರೋಗಂಟ ಕೂತ್ಕ ಮಗಳೆ,” ಅಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ.